ಎಂಟು ತೂತಿನ ಹಲಗೆ

ಬಳ್ಳಾರಿ ಕೌಲ್ ಬಜಾರಿನ ಒಂದು ಜೀನ್ಸ್ ಯೂನಿಟ್‌ನಲ್ಲಿ ನಾನು ಕಟಿಂಗ್ ಮಾಸ್ಟರ್. ಬಟ್ಟೆ ಮೇಲೆ ರಟ್ಟಿನ ಪ್ಯಾಟರ್ನ್ ಇಟ್ಟು ಚಾಕ್‌ಪೀಸಿನಲ್ಲಿ ಗೆರೆ ಎಳೆಯುವುದೇ ದಿನವಿಡೀ ಕೆಲಸ. ಒಂಬತ್ತು ವರ್ಷದ ಮಗಳಿಗೆ ಆರ್ಕೇಡ್ ಪ್ಯಾನೆಲ್, ಅಂದರೆ ವಿಡಿಯೋ ಗೇಮ್ ಆಡುವ ಬಟನ್ ಹಲಗೆ, ಮಾಡಲು ಕೂತಾಗಲೂ ಮೊದಲು ಕೈಗೆ ಸಿಕ್ಕಿದ್ದು ಅದೇ ರಟ್ಟು.

ಶಾಲೆಗೆ ಹೋಗುವಾಗ ನಮ್ಮ ಓಣಿಯ ವಿಡಿಯೋ ಗೇಮ್ ಅಂಗಡಿಯಲ್ಲಿ ಒಂದು ರೂಪಾಯಿ ಕೊಟ್ಟು ಆಡುತ್ತಿದ್ದೆ. 1991ರ ಸ್ಟ್ರೀಟ್ ಫೈಟರ್ 2ಕ್ಕೆ ಆರು ಬಟನ್. ಮೇಲಿನ ಮೂರು ಗುದ್ದಲು, ಕೆಳಗಿನ ಮೂರು ಒದೆಯಲು. ಸ್ಟಾರ್ಟ್, ಕಾಯಿನ್ ಸೇರಿದರೆ ಎಂಟು.

ತುಂಬಾ ಜನ ಬಟನ್‌ಗಳನ್ನು ನೇರ ಸಾಲಿನಲ್ಲಿ ಕೂರಿಸುತ್ತಾರೆ. ಬೆರಳು ನೇರ ಸಾಲಿನಲ್ಲಿಲ್ಲ ಅಲ್ವಾ? ನಡುಬೆರಳು ಉದ್ದ, ಆಚೀಚೆಯವು ಗಿಡ್ಡ. ಮಗಳನ್ನು ಕೂರಿಸಿ, "ಟಿವಿ ನೋಡ್ತಾ ಸುಮ್ನೆ ಕೈ ಇಡಮ್ಮ" ಅಂದೆ. ಬೆರಳ ತುದಿ ಬಿದ್ದಲ್ಲೆಲ್ಲ ಚುಕ್ಕೆ ಇಟ್ಟೆ. ಅವಳು ಕೈ ತೆಗೆದಾಗ ರಟ್ಟಿನ ಮೇಲೆ ಬಿಲ್ಲಿನ ಹಾಗೆ ಬಾಗಿದ ಸಾಲು ಇತ್ತು. 30 ಮಿ.ಮೀ. ಬಟನ್ನಿನ ಅಂಚು ಸುಮಾರು 33 ಮಿ.ಮೀ. ಬರುತ್ತದೆ. ಅದಕ್ಕೇ ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 36 ಬಿಟ್ಟೆ.

ಮೊದಲು ತಂದ ಬಟನ್‌ಗಳು ತೂತಿಗೆ ಒತ್ತಿದರೆ ಕಚ್ಚಿಕೊಳ್ಳುವ ಜಾತಿಯವು. ಅವು ತೆಳು ತಗಡಿಗೆ ಸರಿ, ನನ್ನ 12 ಮಿ.ಮೀ. ಪ್ಲೈವುಡ್‌ಗೆ ಕಚ್ಚಲೇ ಇಲ್ಲ. ಹಿಂದಿನಿಂದ ನಟ್ ಬಿಗಿಯುವಂಥವು ತಂದೆ.

ತೂತಿನ ಕೆಲಸ ಕಷ್ಟದ್ದು. ಬಿಸಿಲೇರುವ ಮುಂಚೆ ಮುಗಿಸಲು ಬೆಳಿಗ್ಗೆ ಆರಕ್ಕೇ ಅಂಗಳದಲ್ಲಿ ಕೂತೆ. ತುಂಡು ಪ್ಲೈ ಮೇಲೆ ಹೋಲ್ ಸಾ (ಡ್ರಿಲ್ಲಿಗೆ ಹಾಕುವ ದುಂಡನೆಯ ಗರಗಸ) ಇಟ್ಟು ಒಂದೇ ಕಡೆಯಿಂದ ಒತ್ತಿದೆ. ತಿರುಗಿಸಿ ನೋಡಿದರೆ ತೂತಿನ ಸುತ್ತ ಮೇಲ್ಪದರ ಹಪ್ಪಳ ಮುರಿದಂತೆ ಎದ್ದಿತ್ತು. ಬೆರಳಾಡಿಸಿದರೆ ಸಿಬಿರು ಚುಚ್ಚುತ್ತಿತ್ತು. ಪಕ್ಕದ ಮನೆಯ ಬಡಿಗೇರ ಮಾವ ಕಾಂಪೌಂಡಿನಿಂದಲೇ ಕೂಗಿದರು: "ಪೂರಾ ಒತ್ತಬ್ಯಾಡಪ್ಪ. ನಡುವಿನ ಬಿಟ್ ಆಚಿಗೆ ಮೂಗು ತೋರಿಸಿದ ಕೂಡ್ಲೆ ನಿಲ್ಸು, ಹಲಗಿ ತಿರುವಿ ಹಾಕು, ಆ ಕಡಿಂದ ಕೊರಿ."

ಹಾಗೇ ಮಾಡಿದೆ. ಎಂಟೂ ತೂತು ಎರಡೂ ಕಡೆ ನುಣ್ಣಗೆ ಬಂದವು. ಮಾವನಿಗೆ ಚಹಾ ಕೊಟ್ಟು ಕೈ ಮುಗಿದೆ.

ನಟ್ಟನ್ನು ಕೈಯಿಂದಲೇ ಬಿಗಿಯಿರಿ. ಇಕ್ಕಳ ಹಾಕಿದರೆ ಅದರ ಪ್ಲಾಸ್ಟಿಕ್ ಥ್ರೆಡ್ ಸವೆದುಹೋಗುತ್ತದೆ. ಪೂರ್ತಿ ಬಿಗಿಯುವ ಮೊದಲು ಬಟನ್ ತಿರುಗಿಸಿ ನೋಡಿ, ಅಕ್ಕಪಕ್ಕದ ಬಟನ್‌ಗಳ ಕೆಳಗಿನ ಸ್ವಿಚ್ಚಿನ ತಗಡಿನ ಕಾಲುಗಳು ಒಂದಕ್ಕೊಂದು ತಾಗಬಾರದು. ಪ್ರತಿ ಸ್ವಿಚ್ಚಿನ ಒಂದು ಕಾಲಿಗೆ ಒಂದೇ ವೈರನ್ನು ಸರಪಳಿಯಂತೆ ಎಳೆದು, ಬಟನ್ ಒತ್ತಿದ್ದನ್ನು ಕಂಪ್ಯೂಟರಿಗೆ ತಿಳಿಸುವ ಯುಎಸ್‌ಬಿ ಎನ್‌ಕೋಡರ್ ಬೋರ್ಡಿನ ಗ್ರೌಂಡ್ ತುದಿಗೆ ಕೊಟ್ಟೆ. ಇನ್ನೊಂದು ಕಾಲಿನಿಂದ ಬೇರೆ ಬೇರೆ ವೈರು ಅದೇ ಬೋರ್ಡಿಗೆ.

ರಾತ್ರಿ ಮಗಳು ಕೈ ಇಟ್ಟಳು. ಕೆಳಗೆ ನೋಡದೆ ಒಂದು ಸಾಲಿನ ಮೂರೂ ಬಟನ್ ಒತ್ತಿದಳು. ಟಕ್ ಟಕ್ ಟಕ್.

ಆ ರಟ್ಟನ್ನು ಈಗ ಯೂನಿಟ್‌ನಲ್ಲಿ ಜೇಬಿನ ಪ್ಯಾಟರ್ನ್ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ಬರುವ ವರ್ಷ ಅವಳ ಕೈ ಬೆಳೆದಿರುತ್ತದೆ, ಮತ್ತೆ ಅಳತೆ ತೆಗೆಯಬೇಕು.