ಬ್ಯಾರಿಂಗ್ಟನ್ ಟಾಪ್ಸ್‌ಗೆ ವಿಮಾನ ಹುಡುಕಲು ಹೊರಟವರೇ, ಮೊದಲು ಕಾರಿನ ಕಾಗದ ಓದಿ

ಮೊದಲೇ ಹೇಳಿಬಿಡುತ್ತೇನೆ, ಆಸ್ಟ್ರೇಲಿಯಾದ ಬ್ಯಾರಿಂಗ್ಟನ್ ಟಾಪ್ಸ್ ಬೆಟ್ಟಕಾಡಿನಲ್ಲಿ 1981ರಲ್ಲಿ ಕಾಣೆಯಾದ ವಿಮಾನ ಹುಡುಕಲು ಒಂದು ತಂಡದ ಜೊತೆ ಹೋಗಿದ್ದೆ, ವಿಮಾನ ಸಿಗಲಿಲ್ಲ. ಸಿಕ್ಕಿದ್ದು ಬಾಡಿಗೆ ಕಾರಿನವರ 640 ಡಾಲರ್ ಬಿಲ್ಲು.

ಸಿಡ್ನಿಯಿಂದ ಗ್ಲಾಸ್ಟರ್ ಎಂಬ ಸಣ್ಣ ಊರಿಗೆ ರೈಲಿದೆ. ಅಲ್ಲಿಂದ ಬೆಟ್ಟಕ್ಕೆ ಬಸ್ಸಿಲ್ಲ. ಹಾಗಾಗಿ ಸಿಡ್ನಿಯಲ್ಲೇ ಕಾರು ಬಾಡಿಗೆಗೆ ಹಿಡಿದೆ. ಎಲ್ಲಿಗೆ ಹೋಗುತ್ತೇನೆ ಅಂತ ಕೌಂಟರಿನಲ್ಲಿ ಹೇಳಿಯೂ ಇದ್ದೆ. ನಗುನಗುತ್ತಾ ಕೀ ಕೊಟ್ಟರು. ವಾಪಸ್ ಕೊಡುವಾಗ ಅದೇ ಕೌಂಟರಿನಲ್ಲಿ ಕಾಗದದ ಕೊನೇ ಪುಟ ತೋರಿಸಿದರು. ಡಾಂಬರಿಲ್ಲದ ರಸ್ತೆಗೆ ಇಳಿಸಿದರೆ ವಿಮೆ ಇಲ್ಲವಂತೆ. ಮುಂದಿನ ಗಾಜಿಗೆ ಜಲ್ಲಿಕಲ್ಲು ಸಿಡಿದು ಅಕ್ಕಿಕಾಳಿನಷ್ಟು ಗುರುತಾಗಿತ್ತು, ಅಷ್ಟೇ. ಬೆಟ್ಟದ ಮೇಲಿನ ರಸ್ತೆ ಬಹುಪಾಲು ಜಲ್ಲಿಯೇ. ಗ್ಲಾಸ್ಟರ್ ಟಾಪ್ಸ್ ಕಡೆ ಹೋದರೆ ಹೊಳೆಯನ್ನೂ ದಾಟಬೇಕು. ಸೇತುವೆ ಇಲ್ಲ, ಅಡ್ಡಕ್ಕೆ ಕಾಂಕ್ರೀಟ್ ಹಾಸು. ಮಳೆ ಬಂದರೆ ನೀರು ಅದರ ಮೇಲೇ. ಸ್ವಂತ ಫೋರ್‌ವೀಲ್ ಗಾಡಿ ಇರುವವರ ಜೊತೆ ಹೋಗಿ, ಪೆಟ್ರೋಲ್ ಖರ್ಚು ಹಂಚಿಕೊಳ್ಳಿ.

ವಿಷಯ ಗೊತ್ತಿಲ್ಲದವರಿಗೆ: 1981ರ ಆಗಸ್ಟ್ 9ರ ರಾತ್ರಿ ಒಂಟಿ ಎಂಜಿನ್ನಿನ ಸೆಸ್ನಾ 210 ವಿಮಾನ ಇಲ್ಲಿ ಕಾಣೆಯಾಯಿತು. ಅದರ ಗುರುತು ವಿಎಚ್-ಎಂಡಿಎಕ್ಸ್. ಪೈಲಟ್ ಸೇರಿ ಐದು ಜನ. ಕ್ವೀನ್ಸ್‌ಲ್ಯಾಂಡಿನಿಂದ ಸಿಡ್ನಿಯ ಬ್ಯಾಂಕ್ಸ್‌ಟೌನ್‌ಗೆ ಹೊರಟಿದ್ದರು. ಜೋರು ಗಾಳಿ, ರೆಕ್ಕೆಗೆ ಮಂಜುಗಡ್ಡೆ, ಮೇಲೆ ಉಪಕರಣಗಳೂ ಕೈಕೊಟ್ಟವು. ರೇಡಿಯೋದಲ್ಲಿ ಕೊನೆಗೆ ಕೇಳಿಸಿದ್ದು 'ಐದು ಸಾವಿರ' ಎಂಬ ಮಾತು, ಅಂದರೆ ಅಷ್ಟು ಅಡಿ ಎತ್ತರ. ಇಲ್ಲಿನ ಅತಿ ಎತ್ತರದ ಜಾಗವೇ 1,586 ಮೀಟರ್, ಅಡಿ ಲೆಕ್ಕದಲ್ಲಿ 5,200. ಲೆಕ್ಕ ಮಾಡಿದಾಗ ಎದೆ ಝಲ್ಲೆಂದಿತು. ಅವತ್ತಿನಿಂದ ಪೊಲೀಸರು, ಸ್ವಯಂಸೇವಕರು ಎಷ್ಟೋ ಸಲ ಹುಡುಕಿದ್ದಾರೆ. ಒಂದು ಚೂರೂ ಸಿಕ್ಕಿಲ್ಲ.

ಇಷ್ಟು ವರ್ಷವಾದರೂ ಯಾಕೆ ಸಿಕ್ಕಿಲ್ಲ ಅಂತ ಮನೆಯಲ್ಲಿ ಕೂತು ನಾನೂ ಕೇಳಿದವನೇ. ಮೊದಲ ದಿನ ಹನ್ನೊಂದು ಗಂಟೆಯೊಳಗೆ ಆ ಪ್ರಶ್ನೆ ಬಿಟ್ಟುಬಿಟ್ಟೆ. ಹತ್ತು ಹೆಜ್ಜೆಗೊಬ್ಬರಂತೆ ಸಾಲಾಗಿ ಇಳಿಯಬೇಕು. ಪಕ್ಕದವನು ಕಾಣುವುದಿಲ್ಲ, ಅವನ ಸೀಟಿ ಮಾತ್ರ ಕೇಳಿಸುತ್ತದೆ. ಲಾಯರ್ ವೈನ್ ಅಂತ ಒಂದು ಮುಳ್ಳುಬಳ್ಳಿ ಇದೆ. ಹೆಸರಿಗೆ ತಕ್ಕ ಹಾಗೆ, ಒಮ್ಮೆ ಹಿಡಿದರೆ ಬಿಡುವುದಿಲ್ಲ. ತಾಗಿದರೆ ವಾರಗಟ್ಟಲೆ ಉರಿಯುವ ಮರವೂ ಇದೆ, ನಮ್ಮ ತುರಿಕೆಗಿಡದ ದೊಡ್ಡಪ್ಪ. ಇಡೀ ದಿನ ನಡೆದದ್ದು ಒಂದು ಕಿಲೋಮೀಟರೂ ಇಲ್ಲ. ಇಂಬಳ ಮಾತ್ರ ನನಗೆ ಹೊಸದಲ್ಲ, ನಾನು ಸಾಗರದ ಕಡೆಯವನು. ಉಪ್ಪಿನ ಗಂಟು ತೆಗೆದಾಗ ಉಳಿದವರಿಗೆ ನಗು. ಸಂಜೆಗೆ ಎಲ್ಲರೂ ಅದನ್ನೇ ಕೇಳಿದರು.

ಇನ್ನೊಂದು. ಕಾಡಿಗೆ ಇಳಿಯುವ ಮುಂಚೆ ಬೂಟು ತಿಕ್ಕಿ ತೊಳೆಯಬೇಕು. ಬೇರು ಕೊಳೆಸುವ ಫೈಟಾಫ್ತೊರಾ ಎಂಬ ರೋಗ ಇಲ್ಲಿ ಮಣ್ಣಿನ ಜೊತೆ ಹರಡುತ್ತದೆ. ನಮ್ಮ ಅಡಿಕೆಯ ಕೊಳೆರೋಗವೂ ಅದೇ ಕುಲದ್ದು. ಅಪ್ಪ ಬೋರ್ಡೋ ದ್ರಾವಣ ಹೊಡೆಸಲು ಪಟ್ಟ ಪಾಡು ನೋಡಿದ್ದೇನೆ, ಹಾಗಾಗಿ ಎರಡೆರಡು ಸಲ ತೊಳೆದೆ.

ರೂಮಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ರಾತ್ರಿಗೆ 230 ಡಾಲರ್, ಹೊದಿಕೆಗೆ ಬೇರೆ ದುಡ್ಡು. ಟೆಂಟ್ ಹಾಕಿ. ನನಗೆ ಚಳಿ ಆಗಿಬರುವುದಿಲ್ಲ, ಆದರೂ ಟೆಂಟೇ ವಾಸಿ.

ಆದರೆ ಊರಿನ ಬೇಕರಿಯ ಬಗ್ಗೆ ಬರೆಯಲೇಬೇಕು. ಬೆಳಿಗ್ಗೆ ಆರಕ್ಕೇ ತೆರೆದಿತ್ತು. ನಾನು ಸಸ್ಯಾಹಾರಿ. ಇಂಥ ಊರುಗಳಲ್ಲಿ ಚಿಪ್ಸ್ ತಿಂದೇ ಬದುಕಬೇಕು ಅಂದುಕೊಂಡಿದ್ದೆ. ಇಲ್ಲಿ ತರಕಾರಿ ಪೇಸ್ಟಿ ಸಿಕ್ಕಿತು, ಆರು ಡಾಲರ್. ಅಂಗೈಗಿಂತ ದೊಡ್ಡದು. ಒಳಗೆ ಆಲೂಗಡ್ಡೆ, ಕುಂಬಳ, ಬಟಾಣಿ, ಮೇಲೆ ಧಾರಾಳವಾಗಿ ಕಾಳುಮೆಣಸು. ನಮ್ಮೂರ ವೆಜ್ ಪಫ್ ಕಚ್ಚಿದರೆ ಅಂಗಿ ತುಂಬಾ ಪುಡಿ. ಇದು ಹಾಗಲ್ಲ, ಗಟ್ಟಿ. ಮಧ್ಯಾಹ್ನ ಚೀಲದಿಂದ ತೆಗೆದರೂ ಆಕಾರ ಕೆಟ್ಟಿರಲಿಲ್ಲ. ಅಂಗಡಿಯ ಅಮ್ಮ ಫ್ಲಾಸ್ಕಿಗೆ ಬಿಸಿನೀರು ಸುಮ್ನೆ ತುಂಬಿಕೊಟ್ಟರು. ನಾಲ್ಕು ದಿನದಲ್ಲಿ ಒಂಬತ್ತು ಪೇಸ್ಟಿ ತಿಂದೆ. ಸಂಕೋಚವೇನಿಲ್ಲ.

ಮೂರನೇ ದಿನ ಎಡಗಡೆಯಿಂದ ಮೂರು ಸೀಟಿ. ಎಲ್ಲರೂ ನಿಂತೆವು. ಜರೀಗಿಡದ ಕೆಳಗೆ ಏನೋ ಬೆಳ್ಳಗೆ ಹೊಳೆಯುತ್ತಿತ್ತು. ನಮ್ಮ ತಂಡದ ಹಿರಿಯರು ಮಂಡಿಯೂರಿ ಕೋಲಿನಿಂದ ಸೊಪ್ಪು ಸರಿಸಿದರು. ಹುಟ್ಟುಹಬ್ಬದ ಗಾಳಿಬುಡ್ಡೆ, ಬೆಳ್ಳಿ ಬಣ್ಣದ್ದು. ಯಾವ ಊರಿಂದ ಹಾರಿಬಂದಿತ್ತೋ. ಯಾರೂ ನಗಲಿಲ್ಲ. ಅವರು ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಆ ಇಳಿಜಾರಿಗೆ ನಕ್ಷೆಯಲ್ಲಿ ಗೆರೆ ಎಳೆದರು. ನೋಡಿ ಮುಗಿದ ಜಾಗ ಅಂತ.

ನಿಜವಾದ ಚೂರು ಸಿಕ್ಕರೆ ಮುಟ್ಟಬೇಡಿ. ಜಾಗದ ಜಿಪಿಎಸ್ ಬರೆದುಕೊಳ್ಳಿ, ಫೋಟೋ ತೆಗೆಯಿರಿ, ಪೊಲೀಸರಿಗೆ ಹೇಳಿ. ಅದು ಐದು ಮನೆಯವರು ಕಾಯುತ್ತಿರುವ ಜಾಗ. ಒಬ್ಬರೇ ಹೋಗುವ ಯೋಚನೆಯಂತೂ ಬೇಡ. ಮೊದಲು ಬುಷ್‌ವಾಕಿಂಗ್ (ಕಾಡಿನ ನಡಿಗೆ) ಕ್ಲಬ್ ಸೇರಿ, ನಕ್ಷೆ ಓದಲು ಕಲಿಯಿರಿ. ಮೊಬೈಲ್ ನಂಬಬೇಡಿ, ಕಣಿವೆಯಲ್ಲಿ ಸಿಗ್ನಲ್ಲೇ ಇಲ್ಲ. ಉಪಗ್ರಹಕ್ಕೆ ಸಂಕೇತ ಕಳಿಸುವ ಪಿಎಲ್‌ಬಿ ಇಟ್ಟುಕೊಳ್ಳಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಕೆಲವು ರಾಷ್ಟ್ರೀಯ ಉದ್ಯಾನ ಕಚೇರಿಗಳಲ್ಲಿ ಅದನ್ನು ಪುಕ್ಕಟೆಯಾಗಿ ಎರವಲು ಕೊಡುತ್ತಾರೆ.

ಹಿರಿಯರು ಮುಂದಿನ ಸಲ ತಮ್ಮ ಗಾಡಿಯಲ್ಲೇ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾರೆ. ಪೆಟ್ರೋಲ್ ನನ್ನದು, ಪೇಸ್ಟಿಯೂ ನನ್ನದು. ಉಪ್ಪಿನ ಗಂಟು ದೊಡ್ಡದೇ ತರಬೇಕಂತೆ.