ಬೇನಾಕ್ ನೋಡಬೇಕೆಂದರೆ ಎದುರು ದಡಕ್ಕೆ ಹೋಗಿ

“ಅಕ್ಕಾ, ನಮಗೆ ಇರೋದು ಎರಡೇ ದಿನ. ಆ ದೋರ್ದೋನ್ ಕಣಿವೇಲಿ ಒಂದೇ ಒಂದು ಕೋಟೆ ನೋಡ್ಬೇಕು ಅಂದ್ರೆ ಯಾವುದಕ್ಕೆ ಹೋಗೋಣ?”

ಫ್ರಾನ್ಸಿನ ತುಲೂಸಿಗೆ ಬಂದು ನೆಲೆಸಿದ ಮೇಲೆ ಪ್ರತಿ ಬೇಸಿಗೆಯಲ್ಲೂ ನನಗೆ ಈ ಪ್ರಶ್ನೆ ಬರುತ್ತದೆ. ವಿಮಾನ ಕಾರ್ಖಾನೆಗಳ ಕೆಲಸ ಹಿಡಿದು ಬೆಂಗಳೂರಿನಿಂದ ಇಲ್ಲಿಗೆ ಬಂದ ಕನ್ನಡದ ಮನೆಗಳು ಒಂದಷ್ಟಿವೆ. ಊರಿನಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಪ್ಯಾರಿಸ್ ನೋಡಿ ಆಗಿರುತ್ತದೆ, ಒಂದು ಶನಿವಾರ ಭಾನುವಾರ ಉಳಿದಿರುತ್ತದೆ. ಕಾರಿನಲ್ಲಿ ಉತ್ತರಕ್ಕೆ ಎರಡೂವರೆ ಗಂಟೆ ಹೋದರೆ ಸಾರ್ಲಾ ಎಂಬ ಊರು. ಅಲ್ಲಿಂದ ಸ್ವಲ್ಪ ದೂರಕ್ಕೇ ದೋರ್ದೋನ್ ಹೊಳೆ. ಆ ಸೀಮೆಯನ್ನು ಸಾವಿರದೊಂದು ಕೋಟೆಗಳ ನಾಡು ಎಂದು ಕರೆಯುತ್ತಾರೆ. ಹೀಗಿರುವಾಗ ಯಾವುದು ಎಂದು ಕೇಳದೆ ಇರುವುದಾದರೂ ಹೇಗೆ?

ನಾನು ಹೇಳುವುದು ಇಷ್ಟು: ಬೇನಾಕ್ ಕೋಟೆಯನ್ನು ನೋಡಿ, ಆದರೆ ಅದನ್ನು ನೋಡುವುದಕ್ಕೆ ಎದುರು ದಡದ ಕಾಸ್ಟೆಲ್ನೋ ಕೋಟೆಗೆ ಹೋಗಿ. ಕೇಳಿದವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಫೋನಿನಲ್ಲಿ ಬಿಡಿಸಿ ಹೇಳಲು ಹೊತ್ತಿರುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೇನಾಕ್ ಇರುವುದು ಹೊಳೆಯ ಬಲದಂಡೆಯಲ್ಲಿ, ನೀರಿನಿಂದ ಸುಮಾರು 150 ಮೀಟರ್ ಎತ್ತರದ ಸುಣ್ಣಕಲ್ಲಿನ ಬಂಡೆಯ ನೆತ್ತಿಯ ಮೇಲೆ. ಕಾಸ್ಟೆಲ್ನೋ ಎಡದಂಡೆಯಲ್ಲಿ, ಸೇಊ ಎಂಬ ಸಣ್ಣ ತೊರೆ ದೋರ್ದೋನ್ ನದಿಯನ್ನು ಸೇರುವ ಕಡೆ ಇನ್ನೊಂದು ಗುಡ್ಡದ ಮೇಲೆ. ನಡುವಿನ ಅಂತರ ಹಕ್ಕಿ ಹಾರುವ ದಾರಿಯಲ್ಲಿ ಮೂರು ಕಿಲೋಮೀಟರೂ ಇಲ್ಲ. ಒಂದರ ಅಂಗಳದಲ್ಲಿ ಹೊಗೆ ಎದ್ದರೆ ಇನ್ನೊಂದರ ಬುರುಜಿನಿಂದ ಕಾಣುತ್ತದೆ. ಹಗೆ ಕಟ್ಟಿಕೊಂಡ ಈ ಎರಡು ಕೋಟೆಗಳ ಮನೆತನಗಳು ತಲೆಮಾರುಗಳ ಕಾಲ ಹೀಗೆ ಒಬ್ಬರ ಮುಖ ಒಬ್ಬರು ನೋಡುತ್ತಲೇ ಬದುಕಿದವು. ಬೇನಾಕಿನೊಳಗೆ ನಿಂತರೆ ಗೋಡೆ ಕಾಣುತ್ತದೆ, ಕಿಟಕಿ ಕಾಣುತ್ತದೆ, ತಣ್ಣನೆಯ ಮೆಟ್ಟಿಲು ಕಾಣುತ್ತದೆ. ಅದನ್ನು ಅಷ್ಟು ಎತ್ತರದಲ್ಲಿ ಯಾಕೆ ಕಟ್ಟಿದರು ಎಂಬುದು ಮಾತ್ರ ಅಲ್ಲಿ ಕಾಣುವುದಿಲ್ಲ. ಹೊಳೆ ದಾಟಿ, ಶತ್ರುವಿನ ಜಾಗದಲ್ಲಿ ನಿಂತು ನೋಡಿದರೆ ಎದೆ ಝಲ್ಲೆನ್ನುತ್ತದೆ.

ಜಗಳದ ಬೇರು ಒಂದು ಮದುವೆಯಲ್ಲಿದೆ. ಅಕಿಟೇನ್ ನಾಡಿನ ಒಡತಿ ಎಲಿನೋರ್ 1152ರಲ್ಲಿ ಫ್ರಾನ್ಸಿನ ದೊರೆ ಏಳನೆಯ ಲೂಯಿಯಿಂದ ಬೇರೆಯಾದಳು. ಅದಾಗಿ ಎರಡೇ ತಿಂಗಳಿಗೆ ಹೆನ್ರಿ ಪ್ಲಾಂಟಾಜೆನೆಟ್ ಎಂಬವನನ್ನು ಕೈಹಿಡಿದಳು. ಆತ 1154ರಲ್ಲಿ ಇಂಗ್ಲೆಂಡಿನ ದೊರೆಯಾದ. ತವರಿನ ನೆಲವೆಲ್ಲ ಅವಳ ಜೊತೆಗೇ ಹೋಯಿತು. ಹೀಗೆ ಫ್ರಾನ್ಸಿನ ನೈಋತ್ಯದ ಇಷ್ಟಗಲ ನಾಡು ಇಂಗ್ಲೆಂಡಿನ ದೊರೆಗಳ ಕೈಗೆ ಬಂತು, ಅವರಿಗೂ ಫ್ರಾನ್ಸಿನ ದೊರೆಗಳಿಗೂ ಮುಂದಿನ ಮುನ್ನೂರು ವರ್ಷ ತಿಕ್ಕಾಟ ತಪ್ಪಲಿಲ್ಲ. 1337ರಲ್ಲಿ ಶುರುವಾದ ನೂರು ವರ್ಷಗಳ ಯುದ್ಧದ ಹೊತ್ತಿಗೆ ಈ ಹೊಳೆಯೇ ಹೆಚ್ಚುಕಡಿಮೆ ಗಡಿಯಾಗಿತ್ತು. ಹೆಚ್ಚುಕಡಿಮೆ ಎನ್ನುವುದಕ್ಕೆ ಕಾರಣವಿದೆ. ಆ ಕಾಲದ ಗಡಿ ನಕ್ಷೆಯ ಮೇಲಿನ ಗೆರೆಯಲ್ಲ, ಯಾವ ಕೋಟೆಯ ಒಡೆಯ ಈ ವರ್ಷ ಯಾರ ಕಡೆ ಎಂಬುದರ ಮೇಲೆ ಅದು ನಿಂತಿತ್ತು. ಒಡೆಯರು ಪಕ್ಷ ಬದಲಿಸುತ್ತಿದ್ದರು. ಕಾಸ್ಟೆಲ್ನೋ ಮತ್ತೆ ಮತ್ತೆ ಕೈ ಬದಲಿಸಿತು. ಕೊನೆಗೆ 1442ರಲ್ಲಿ ಫ್ರಾನ್ಸಿನ ಏಳನೆಯ ಚಾರ್ಲ್ಸ್ ದೊರೆಯ ಪಡೆ ಮುತ್ತಿಗೆ ಹಾಕಿ ಅದನ್ನು ಗೆದ್ದ ಮೇಲೆ ಇಂಗ್ಲಿಷರು ಅಲ್ಲಿಗೆ ಮರಳಲಿಲ್ಲ.

ಇದಕ್ಕೂ ಹಿಂದಿನ ಕತೆಯೂ ಈ ಕಲ್ಲುಗಳಲ್ಲಿದೆ. ಎಲಿನೋರಳ ಮಗ ರಿಚರ್ಡ್ ದೊರೆ, ಸಿಂಹಹೃದಯ ಎಂದು ಬಿರುದು ಪಡೆದವನು, ಬೇನಾಕನ್ನು ತನ್ನ ಬಂಟ ಮೆರ್ಕಾದಿಯೇ ಎಂಬವನಿಗೆ ಕೊಟ್ಟಿದ್ದ. 1199ರಲ್ಲಿ ರಿಚರ್ಡ್ ತೀರಿಕೊಂಡ ಮೇಲೆ ಅದು ಮತ್ತೆ ಬೇನಾಕ್ ಮನೆತನಕ್ಕೆ ಬಂತು. 1214ರಲ್ಲಿ, ಚರ್ಚಿನ ವಿರೋಧ ಕಟ್ಟಿಕೊಂಡಿದ್ದ ಕಥಾರ್ ಎಂಬ ಕ್ರೈಸ್ತ ಪಂಥದವರ ಮೇಲಿನ ಧರ್ಮಯುದ್ಧದ ನೆವದಲ್ಲಿ, ಆ ಯುದ್ಧದ ನಾಯಕ ಸಿಮೋನ್ ದ ಮೋಂಫೋರ್ ದಂಡು ಕಟ್ಟಿಕೊಂಡು ಬಂದು, ಎದುರುಬದುರಿನ ಈ ಎರಡೂ ಕೋಟೆಗಳನ್ನು ಒಂದೇ ವರ್ಷದಲ್ಲಿ ಹಿಡಿದ.

ಕಾಸ್ಟೆಲ್ನೋ ಎಂಬ ಹೆಸರು ಆ ನಾಡಿನ ಹಳೆಯ ನುಡಿಯಾದ ಆಕ್ಸಿಟನ್ನಿನದು. ಅರ್ಥ ಹೊಸ ಕೋಟೆ. ಅಂದರೆ ನಮ್ಮ ಹೊಸಕೋಟೆಯೇ! ಮೊದಲ ಸಲ ಇದು ತಿಳಿದಾಗ ಆದ ಖುಷಿ ನನಗೆ ಇನ್ನೂ ನೆನಪಿದೆ. ಬೇನಾಕ್ ಊರಿನ ತಳದಿಂದ ಕೋಟೆಗೆ ಏರುವ ಕಲ್ಲುಹಾಸಿನ ಓಣಿಗೂ ಆಕ್ಸಿಟನ್ನಿನಲ್ಲೇ ಹೆಸರು, ಬುಟ್ಟಿ ಹೆಣೆಯುವವರ ದಾರಿ ಎಂದು. ನಮ್ಮ ಊರುಗಳಲ್ಲಿ ಮೇದಾರ ಓಣಿ ಇರುವಂತೆ. ಅಲ್ಲಿ ಈಗ ಬುಟ್ಟಿ ಹೆಣೆಯುವವರಿಲ್ಲ, ಮನೆಗಳಲ್ಲಿ ಆ ನುಡಿಯೂ ಅಪರೂಪವಾಗಿದೆ. ಊರುಗಳ ಹೆಸರಿನಲ್ಲಿ, ಬೀದಿಯ ಫಲಕಗಳಲ್ಲಿ ಉಳಿದಿದೆ. ಆ ಫಲಕಗಳ ಮುಂದೆ ನಾನು ತುಸು ಹೊತ್ತು ನಿಲ್ಲುತ್ತೇನೆ. ಶಾಲೆಯಲ್ಲಿ ಆಡಗೊಡದೆ ಒಂದು ನುಡಿಯನ್ನು ಮನೆಯೊಳಗಿನಿಂದಲೂ ಹೇಗೆ ಕಳೆಯಬಹುದು ಎಂಬುದಕ್ಕೆ ಆಕ್ಸಿಟನ್ ಸಾಕ್ಷಿ.

ಆ ಓಣಿ ಬಹಳ ಕಡಿದು. ಮಂಡಿ ನೋವಿರುವ ಹಿರಿಯರನ್ನು ಅಲ್ಲಿ ಹತ್ತಿಸಬೇಡಿ. ಹಿಂಬದಿಯಿಂದ ಬಳಸಿಕೊಂಡು ಕಾರು ಕೋಟೆಯ ಹತ್ತಿರಕ್ಕೇ ಹೋಗುತ್ತದೆ, ಅಲ್ಲಿ ನಿಲ್ಲಿಸಲು ಜಾಗವಿದೆ.

ಬೆಳಿಗ್ಗೆ ಬೇನಾಕ್ ಮುಗಿಸಿಕೊಂಡು ಹೊಳೆ ದಾಟಿ ಮಧ್ಯಾಹ್ನದ ಮೇಲೆ ಕಾಸ್ಟೆಲ್ನೋಗೆ ಹೋಗಿ. ಈ ಕೋಟೆ ಒಂದು ಕಾಲಕ್ಕೆ ಪಾಳುಬಿದ್ದು, 19ನೇ ಶತಮಾನದಲ್ಲಿ ಸುತ್ತಲಿನವರು ಅದರ ಕಲ್ಲನ್ನೇ ಕಿತ್ತು ಒಯ್ದಿದ್ದರು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಗೋಡೆಗಳನ್ನು ಮತ್ತೆ ಎಬ್ಬಿಸಿ, 1985ರಲ್ಲಿ ಒಳಗೆ ಮಧ್ಯಯುಗದ ಯುದ್ಧಕಲೆಯ ಸಂಗ್ರಹಾಲಯ ತೆರೆದರು. ಅಂಗಳದಲ್ಲಿ ದೊಡ್ಡ ಕವಣೆಯಂತ್ರಗಳನ್ನು ಮೂಲದ ಅಳತೆಯಲ್ಲೇ ಮಾಡಿ ನಿಲ್ಲಿಸಿದ್ದಾರೆ. ಅದರ ಹತ್ತಿರ ಹೋಗಿ ನೋಡಿ. ಒಂದು ಉದ್ದನೆಯ ತೊಲೆ, ಏತದ ಹಾಗೆ. ಗಿಡ್ಡ ತುದಿಗೆ ಕಲ್ಲುಮಣ್ಣು ತುಂಬಿದ ಭಾರೀ ಮರದ ಪೆಟ್ಟಿಗೆ ತೂಗುಹಾಕಿದೆ. ಉದ್ದ ತುದಿಗೆ ಹಗ್ಗದ ಕವಣೆ, ಅದರ ಮಡಿಲಲ್ಲಿ ಗುಂಡುಕಲ್ಲು. ಆಳುಗಳು ಗಾಲಿಯೊಳಗೆ ನಡೆದು ತಿರುಗಿಸಿ ಉದ್ದ ತುದಿಯನ್ನು ನೆಲಕ್ಕೆ ಎಳೆದು ಕಟ್ಟುತ್ತಾರೆ, ಪೆಟ್ಟಿಗೆ ಮೇಲೇರುತ್ತದೆ. ಕೊಕ್ಕೆ ಬಿಚ್ಚಿದ ಕೂಡಲೇ ಪೆಟ್ಟಿಗೆ ಧಡಾರನೆ ಬಿದ್ದು, ತೊಲೆ ಮೇಲಕ್ಕೆ ಚಿಮ್ಮಿ, ಕವಣೆ ಸುತ್ತಿಕೊಂಡು ಬಂದು ಕಲ್ಲನ್ನು ಬಿಡುತ್ತದೆ. ನೂರು ಕಿಲೋ ತೂಕದ ಕಲ್ಲು ಸುಮಾರು 200 ಮೀಟರ್ ದೂರಕ್ಕೆ. ಗಂಟೆಗೆ ಒಂದೆರಡು ಕಲ್ಲು ಎಸೆದರೆ ದೊಡ್ಡದು.

ಈಗ ತಲೆಯೆತ್ತಿ ಬೇನಾಕಿನ ಕಡೆ ನೋಡಿ. ಎರಡೂವರೆ ಕಿಲೋಮೀಟರಿಗೂ ಹೆಚ್ಚು ದೂರ! ಇಲ್ಲಿಂದ ಎಸೆದ ಯಾವ ಕಲ್ಲೂ ಅಲ್ಲಿಗೆ ಮುಟ್ಟುವುದಿಲ್ಲ, ಅಲ್ಲಿಂದ ಎಸೆದದ್ದು ಇಲ್ಲಿಗೆ ಬರುವುದಿಲ್ಲ. ಕೋಟೆಗಳ ನಡುವಿನ ಕಾದಾಟ ಎಂದರೆ ದಿನವೂ ಕಲ್ಲೆಸೆಯುವುದಲ್ಲ. ಯಾರ ದೋಣಿ ಹೋಗುತ್ತಿದೆ, ಯಾರ ದಂಡು ಹೊಳೆ ದಾಟುತ್ತಿದೆ, ಯಾರ ಹೊಲಕ್ಕೆ ಬೆಂಕಿ ಬಿದ್ದಿದೆ ಎಂದು ಹಗಲೂ ರಾತ್ರಿ ಕಾಯುವುದು. ಏಟು ತಿಂದವರು ಕಣಿವೆಯ ರೈತರು. ನನಗೆ ಇದು ಹೊಳೆದದ್ದು ಆ ಕವಣೆಯ ಪಕ್ಕದಲ್ಲಿ ನಿಂತಾಗಲೇ. ನನ್ನ ಮಗಳು, ಆಗ ಅವಳಿಗೆ ಒಂಬತ್ತು, “ಅಮ್ಮಾ, ಕಲ್ಲು ಅಲ್ಲೀವರೆಗೂ ಹೋಗುತ್ತಾ?” ಎಂದು ಕೇಳಿದ್ದಳು.

ಬೇನಾಕಿನ ಸರಿ ಎದುರಿಗೆ, ಕಾಸ್ಟೆಲ್ನೋ ಇರುವ ದಡದಲ್ಲೇ, ಮರಗಳ ನಡುವೆ ಫೇರಾಕ್ ಎಂಬ ಇನ್ನೊಂದು ಕೋಟೆ ಇದೆ. ಖಾಸಗಿಯವರದು, ಒಳಗೆ ಬಿಡುವುದಿಲ್ಲ. ಹೊಳೆಯಿಂದ ನೋಡಲು ಬಲು ಚೆಂದ. ಜುಲೈ ಆಗಸ್ಟ್ ತಿಂಗಳಲ್ಲಿ ನೀರು ಶಾಂತವಾಗಿದ್ದಾಗ ಲಾ ರೋಕ್ ಗಾಜಾಕ್ ಹಳ್ಳಿಯಲ್ಲಿ ಬಾಡಿಗೆಗೆ ಕನೂ ಹಿಡಿದು ಎರಡು ಗಂಟೆ ಹುಟ್ಟು ಹಾಕಿದರೆ ಮೊದಲು ಎಡಕ್ಕೆ ಕಾಸ್ಟೆಲ್ನೋ, ಆಮೇಲೆ ಎಡಕ್ಕೆ ಫೇರಾಕ್, ಬಲಕ್ಕೆ ಬೇನಾಕ್. ಗಡಿಯ ಮೇಲೆಯೇ ತೇಲಿಕೊಂಡು ಹೋದಂತೆ. ಇದಕ್ಕಿಂತ ಒಳ್ಳೆಯ ಇತಿಹಾಸದ ಪಾಠ ನನಗೆ ಗೊತ್ತಿಲ್ಲ.

ಲಾ ರೋಕ್ ಗಾಜಾಕ್ ಬಗ್ಗೆ ಒಂದು ಮಾತು. ಬಂಡೆಗೆ ಬೆನ್ನು ಕೊಟ್ಟು, ಕಾಲನ್ನು ಹೊಳೆಗೆ ಚಾಚಿ ಕೂತ ಹಳ್ಳಿ ಅದು. ದಕ್ಷಿಣದ ಬಿಸಿಲನ್ನು ಬಂಡೆ ಹಿಡಿದಿಟ್ಟುಕೊಳ್ಳುವುದರಿಂದ ಅಲ್ಲಿ ತಾಳೆ ಜಾತಿಯ ಮರಗಳೂ ಬಾಳೆಯೂ ಬೆಳೆಯುತ್ತವೆ. ಊರಿನಿಂದ ಬಂದ ಅಮ್ಮಂದಿರಿಗೆ ಆ ಬಾಳೆಗಿಡ ತೋರಿಸಲೇಬೇಕು. ಆದರೆ ಅದೇ ಬಂಡೆ 1957ರ ಜನವರಿಯಲ್ಲಿ ಕುಸಿದು ಮನೆಗಳನ್ನು ನೆಲಸಮ ಮಾಡಿತು, ಮೂವರು ಸತ್ತರು. ಆ ಹಳ್ಳಿಯ ಚೆಲುವನ್ನು ಹೊಗಳುವವರು ಇದನ್ನೂ ಹೇಳಬೇಕು. ಹಿಂದೆ ಗಬಾರ್ ಎಂಬ ತಟ್ಟೆತಳದ ದೋಣಿಗಳು ಮೇಲಿನ ಮಲೆನಾಡಿನಿಂದ ವೈನ್ ಪೀಪಾಯಿಗೆ ಬೇಕಾದ ಓಕ್ ಹಲಗೆ ಹೇರಿಕೊಂಡು ಕೆಳಗಿನ ಬೆರ್ಜೆರಾಕ್, ಲಿಬೂರ್ನ್ ಪಟ್ಟಣಗಳಿಗೆ ಹೋಗುತ್ತಿದ್ದವು. ಮೇಲಿನ ಹೊಳೆಯಿಂದ ಬಂದ ದೋಣಿಗಳನ್ನು ಎದುರು ಹರಿವಿಗೆ ಎಳೆದೊಯ್ಯುವುದು ಕಷ್ಟವೆಂದು ಸರಕಿನ ಜೊತೆ ದೋಣಿಯನ್ನೂ ಒಡೆದು ಸೌದೆಗೆ ಮಾರಿ, ಅಂಬಿಗರು ನಡೆದುಕೊಂಡು ಊರಿಗೆ ಮರಳುತ್ತಿದ್ದರು. ರೈಲು ಬಂದು ಅದೆಲ್ಲ ನಿಂತಿತು.

ಎರಡನೆಯ ದಿನಕ್ಕೆ ಊರುಗಳು. ಇಲ್ಲೂ ನನ್ನದು ಜೋಡಿಯ ಲೆಕ್ಕವೇ. ದೋಮ್ ಊರನ್ನು 1281ರಲ್ಲಿ ಕಟ್ಟಿಸಿದವನು ಫ್ರಾನ್ಸಿನ ಮೂರನೆಯ ಫಿಲಿಪ್. ಮೋಂಪಾಜಿಯೇ ಊರನ್ನು 1284ರಲ್ಲಿ ಕಟ್ಟಿಸಿದವನು ಇಂಗ್ಲೆಂಡಿನ ಮೊದಲನೆಯ ಎಡ್ವರ್ಡ್. ಮೂರು ವರ್ಷದ ಅಂತರದಲ್ಲಿ ಇಬ್ಬರು ದೊರೆಗಳು ಒಂದೇ ಆಟ ಆಡಿದ್ದಾರೆ. ಬಾಸ್ತೀದ್ ಎಂದು ಕರೆಯುವ ಇವು ಯೋಜನೆ ಹಾಕಿ ಕಟ್ಟಿದ ಊರುಗಳು. ಬಂದು ನೆಲೆಸಿದವರಿಗೆ ಮನೆಗೆ ನಿವೇಶನ, ಹೊಲ, ಸಂತೆಯ ಹಕ್ಕು, ಬಿಟ್ಟಿ ದುಡಿಮೆಯಿಂದ ಬಿಡುಗಡೆ, ಇಷ್ಟನ್ನೂ ಬರೆದುಕೊಟ್ಟ ಒಂದು ಹಕ್ಕುಪತ್ರ. ಗಡಿಯಲ್ಲಿ ಜನ ನಿಂತರೆ ನೆಲ ತನ್ನದಾಗುತ್ತದೆ, ತೆರಿಗೆಯೂ ಬರುತ್ತದೆ ಎಂಬುದು ದೊರೆಯ ಲೆಕ್ಕ.

ಮೋಂಪಾಜಿಯೇ ಸಮತಟ್ಟು ನೆಲದ ಮೇಲಿರುವುದರಿಂದ ಅದರ ಬೀದಿಗಳು ಇಂದಿಗೂ ನೂಲು ಹಿಡಿದಂತಿವೆ. ನಡುವೆ ಚೌಕ, ಸುತ್ತ ಕಮಾನಿನ ಪಡಸಾಲೆ, ಒಂದು ಬದಿಗೆ ಮರದ ಕಂಬಗಳ ಸಂತೆಕಟ್ಟೆ. ಅದರೊಳಗೆ ಕಾಳು ಅಳೆಯುವ ಹಳೆಯ ಕೊಳಗಗಳನ್ನು ಹಾಗೇ ಉಳಿಸಿಕೊಂಡಿದ್ದಾರೆ. ಮನೆಗೂ ಮನೆಗೂ ನಡುವೆ ಒಂದು ಮೊಳದಷ್ಟು ಸಂದು ಬಿಟ್ಟಿರುವುದನ್ನು ಗಮನಿಸಿ. ಒಂದು ಮನೆಗೆ ಹತ್ತಿದ ಬೆಂಕಿ ಪಕ್ಕದ್ದಕ್ಕೆ ಹಬ್ಬದಿರಲಿ, ಮಳೆನೀರೂ ಬಚ್ಚಲ ನೀರೂ ಹರಿದುಹೋಗಲಿ ಎಂದು. ಗೋಡೆಯ ಜಗಳವೂ ಇದರಿಂದ ತಪ್ಪಿರಬೇಕು.

ದೋಮ್ ಬಂಡೆಯ ತಲೆಯ ಮೇಲಿದೆ, ಅದರ ಬೀದಿಗಳು ನೆಲ ಹೇಳಿದಂತೆ ಕೇಳಿವೆ. ಹೊಳೆಯ ಕಡೆ ಬಂಡೆ ಎಷ್ಟು ಕಡಿದೆಂದರೆ ಅಲ್ಲಿ ಕೋಟೆಗೋಡೆ ಬೇಡವೆಂದು ಬಿಟ್ಟಿದ್ದರು. ಧರ್ಮದ ಹೆಸರಿನ ಯುದ್ಧಗಳ ಕಾಲದಲ್ಲಿ, 1588ರಲ್ಲಿ, ಪ್ರಾಟೆಸ್ಟಂಟ್ ಪಕ್ಷದ ನಾಯಕ ಜೋಫ್ರುವಾ ದ ವಿವಾನ್ ಸುಮಾರು ಮೂವತ್ತು ಆಳುಗಳ ಜೊತೆ ರಾತ್ರಿ ಅದೇ ಬಂಡೆಯನ್ನು ಹತ್ತಿದ. ಒಳಗೆ ಗದ್ದಲವೆಬ್ಬಿಸಿ, ಮಲಗಿದ್ದವರು ದಿಕ್ಕೆಟ್ಟು ಓಡುವಾಗ ಹೆಬ್ಬಾಗಿಲನ್ನು ಒಳಗಿನಿಂದ ತೆಗೆದು ತನ್ನ ದಂಡನ್ನು ಬರಮಾಡಿಕೊಂಡ. ಈಗ ಆ ಅಂಚಿನಲ್ಲಿ ಕಟಕಟೆ ಹಾಕಿದ್ದಾರೆ. ಬಗ್ಗಿ ಕೆಳಗೆ ನೋಡಿದರೆ ಹತ್ತಿದವರ ಧೈರ್ಯ ಎಂಥದ್ದು ಎಂದು ತಿಳಿಯುತ್ತದೆ.

ಸಾರ್ಲಾದಲ್ಲಿ ಉಳಿದುಕೊಳ್ಳಿ, ಶನಿವಾರದ ಸಂತೆ ಸಿಕ್ಕರೆ ಬಿಡಬೇಡಿ. ಚಾವಣಿಗೆ ಹಂಚಿನ ಬದಲು ಒಂದರ ಮೇಲೊಂದು ಪೇರಿಸಿದ ಕಲ್ಲಿನ ಚಪ್ಪಡಿಗಳನ್ನು ನೋಡಿ. ಆ ಭಾರ ತಡೆಯಲು ಚಾವಣಿಯನ್ನು ಅಷ್ಟು ಕಡಿದಾಗಿ, ಮರದ ಚೌಕಟ್ಟನ್ನು ಅಷ್ಟು ದಪ್ಪವಾಗಿ ಮಾಡಿದ್ದಾರೆ. ಹಳೆಯ ಪೇಟೆಗಳನ್ನು ಇಡಿಯಾಗಿ ಉಳಿಸಲು 1962ರಲ್ಲಿ ಬಂದ ಮಾಲ್ರೋ ಕಾಯ್ದೆಯ ಮೊದಲ ಫಲಗಳಲ್ಲಿ ಈ ಊರೂ ಒಂದು. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಅಲ್ಲಿನ ಹೆಸರಾಂತ ಸಾರ್ಲಾ ಆಲೂಗಡ್ಡೆಯನ್ನು ಹುರಿಯುವುದು ಬಾತುಕೋಳಿಯ ಕೊಬ್ಬಿನಲ್ಲಿ. ನನ್ನ ಅತ್ತೆಯವರು ಬರೀ ಆಲೂಗಡ್ಡೆ ತಾನೆ ಎಂದು ತರಿಸಿ, ಎರಡು ತುತ್ತು ತಿಂದ ಮೇಲೆ ವಿಷಯ ಗೊತ್ತಾಗಿ ಬಹಳ ನೊಂದುಕೊಂಡರು. ಮೊದಲೇ ಕೇಳಿ. ಆ ಸೀಮೆಯ ವಾಲ್ನಟ್, ಸಂತೆಯ ಹಣ್ಣು, ಬ್ರೆಡ್ಡು ಕಟ್ಟಿಸಿಕೊಂಡು ಹೊಳೆದಂಡೆಯಲ್ಲಿ ಕೂತು ತಿಂದರೆ ಊಟಕ್ಕೆ ಏನೂ ಕೊರತೆಯಾಗದು.

ಮೂರನೆಯ ದಿನ ಹೇಗಾದರೂ ಸಿಕ್ಕಿದರೆ ಹೊಳೆಯ ಜೊತೆಗೇ ಪಶ್ಚಿಮಕ್ಕೆ, ಬೋರ್ದೋ ಕಡೆ ಇಳಿಯಿರಿ. ದ್ರಾಕ್ಷಿ ತೋಟಗಳ ನಡುವೆ ಕಾಸ್ತಿಯೋನ್ ಎಂಬ ಊರು ಸಿಗುತ್ತದೆ. 1453ರ ಜುಲೈ 17ರಂದು ಇಂಗ್ಲಿಷ್ ಸೇನಾಪತಿ ಜಾನ್ ಟಾಲ್ಬಟ್ ಅಲ್ಲಿ ಫ್ರೆಂಚರ ಫಿರಂಗಿಗಳ ಎದುರಿಗೆ ನುಗ್ಗಿ ಸತ್ತ, ನೂರು ವರ್ಷಗಳ ಯುದ್ಧವೂ ಅಲ್ಲಿಗೆ ಮುಗಿಯಿತು. ಕೋಟೆಯ ಗೋಡೆಗಳನ್ನು ಕಾಲಕ್ಕೆ ಹಳತಾಗಿಸಿದ್ದೂ ಅದೇ ಫಿರಂಗಿಯೇ. ಕಾಸ್ಟೆಲ್ನೋದ ಒಡೆಯರು 1489ರಲ್ಲಿ ಪಕ್ಕದ ಮಿಲಾಂದಿನಲ್ಲಿ ದೊಡ್ಡ ಕಿಟಕಿಗಳಿರುವ, ಬೆಳಕು ತುಂಬಿದ ಹೊಸ ಮನೆ ಕಟ್ಟಿಸಿಕೊಂಡರು. ನಾಲ್ಕೂವರೆ ಶತಮಾನದ ಮೇಲೆ ಅದೇ ಮನೆಯನ್ನು ಕೊಂಡವರು ಅಮೆರಿಕದಲ್ಲಿ ಹುಟ್ಟಿದ ಕಪ್ಪು ನರ್ತಕಿ ಜೋಸೆಫಿನ್ ಬೇಕರ್. ಬೇರೆ ಬೇರೆ ದೇಶಗಳ ಹನ್ನೆರಡು ಮಕ್ಕಳನ್ನು ದತ್ತು ತೆಗೆದುಕೊಂಡು ಅಲ್ಲಿ ಸಾಕಿದರು. ಕಾಸ್ಟೆಲ್ನೋದಿಂದ ಕಾರಿನಲ್ಲಿ ಹತ್ತೇ ನಿಮಿಷ. ಅತ್ತೆಯವರಿಗೆ ಇಡೀ ಪ್ರವಾಸದಲ್ಲಿ ಹೆಚ್ಚು ಇಷ್ಟವಾದದ್ದು ಆ ಮಕ್ಕಳ ಫೋಟೋಗಳು.