ಯುದ್ಧನೌಕೆ ಎಷ್ಟು ಯುದ್ಧ ಮಾಡುತ್ತಿತ್ತು?

ನನಗೆ ಹಳೆಯ ಹಾಯಿಹಡಗುಗಳ ಹುಚ್ಚು ಅಂತ ಗೊತ್ತಾದವರೆಲ್ಲ ಕೇಳುವುದು ಇದನ್ನೇ: "ಒಂದು ಯುದ್ಧನೌಕೆ ತನ್ನ ಆಯಸ್ಸಿನಲ್ಲಿ ಎಷ್ಟು ಯುದ್ಧ ಮಾಡಿರುತ್ತೆ?" ಸಿನಿಮಾ ನೋಡಿದರೆ ದಿನಬೆಳಗಾದರೆ ಫಿರಂಗಿ ಹಾರಿಸುತ್ತಿದ್ದರು ಅನ್ನಿಸುತ್ತೆ, ಅಲ್ವಾ? ನಿಜಕ್ಕೂ ತುಂಬಾ ಕಡಿಮೆ. ಬ್ರಿಟಿಷ್ ನೌಕಾಪಡೆಯ ಸೆಂಚುರಿಯನ್ ಹಡಗನ್ನೇ ನೋಡಿ.

60 ಫಿರಂಗಿಗಳ ಈ ಹಡಗು ಪೋರ್ಟ್ಸ್‌ಮತ್‌ನಲ್ಲಿ ನೀರಿಗಿಳಿದದ್ದು 1732ರ ಜನವರಿಯಲ್ಲಿ. ಮೊದಲ ಏಳು ವರ್ಷ ಶಾಂತಿಕಾಲ. 1736ರಲ್ಲಿ ಒಂದು ಗಡಿಯಾರವನ್ನು ಹೊತ್ತು ಲಿಸ್ಬನ್‌ಗೆ ಹೋಯಿತು. ಸಮುದ್ರದ ಮೇಲೆ ರೇಖಾಂಶ ತಿಳಿಯಲು ಜಾನ್ ಹ್ಯಾರಿಸನ್ ಕಟ್ಟಿದ ಮೊದಲ ಗಡಿಯಾರ ಅದು. ನನ್ನ ಪ್ರಕಾರ ಈ ಹಡಗು ಮಾಡಿದ ಯಾವ ಕಾಳಗಕ್ಕಿಂತಲೂ ಇದೇ ದೊಡ್ಡ ಕೆಲಸ.

ಆಮೇಲೆ ಸ್ಪೇನ್ ಜೊತೆ ಯುದ್ಧ ಶುರುವಾಯಿತು. 1740ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ನೌಕಾಧಿಕಾರಿ ಜಾರ್ಜ್ ಆನ್ಸನ್ ಆರು ಯುದ್ಧನೌಕೆ, ಎರಡು ಸರಕು ಹಡಗು ಕಟ್ಟಿಕೊಂಡು ಪೆಸಿಫಿಕ್ ಕಡೆ ಹೊರಟ. ಸೆಂಚುರಿಯನ್ ಅವನ ಮುಖ್ಯ ಹಡಗು. ಸೈನಿಕರು ಸಾಲದೆ ಬಂದಾಗ ನಿವೃತ್ತ ಸೈನಿಕರನ್ನು ನೋಡಿಕೊಳ್ಳುವ ಲಂಡನ್ನಿನ ಚೆಲ್ಸಿ ಆಸ್ಪತ್ರೆಯ ಪಿಂಚಣಿದಾರರಲ್ಲಿ 500 ಜನರನ್ನು ಕೊಡಲು ಆಜ್ಞೆಯಾಯಿತು. ಎಲ್ಲ ಮುದುಕರು, ಗಾಯಾಳುಗಳು. ನಡೆಯಲು ಆಗುತ್ತಿದ್ದವರು ಓಡಿಹೋದರು. ಆಗದವರನ್ನು ಹಡಗು ಹತ್ತಿಸಿದರು!

ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತುವಾಗ ಬಿರುಗಾಳಿಯ ಜೊತೆ ಸ್ಕರ್ವಿಯೂ ಬಂತು. ತಾಜಾ ಹಣ್ಣು, ಸೊಪ್ಪು ಇಲ್ಲದೆ ಬರುವ ರೋಗ. ಒಸಡು ಕೊಳೆಯುತ್ತೆ, ಹಲ್ಲು ಉದುರುತ್ತೆ. ಸೆಂಚುರಿಯನ್‌ನಲ್ಲಿದ್ದ ಒಬ್ಬ ಮುದುಕನಿಗೆ 50 ವರ್ಷದ ಹಿಂದೆ, ಐರ್ಲೆಂಡಿನ 1690ರ ಬಾಯ್ನ್ ಕದನದಲ್ಲಿ ಆಗಿದ್ದ ಗಾಯ ಮತ್ತೆ ಬಾಯಿಬಿಟ್ಟಿತು. ಯಾವತ್ತೋ ಕೂಡಿಕೊಂಡಿದ್ದ ಮೂಳೆಯೂ ಬೇರೆಯಾಯಿತು.

1742ರಲ್ಲಿ ಪೆಸಿಫಿಕ್‌ನ ಟಿನಿಯನ್ ದ್ವೀಪದಲ್ಲಿ ಇನ್ನೊಂದು ಪೇಚಾಟ. ಆನ್ಸನ್ ದಡದಲ್ಲಿದ್ದಾಗ ಗಾಳಿ ಹಡಗನ್ನೇ ಎಳೆದುಕೊಂಡು ಹೋಯಿತು. ದಡದಲ್ಲಿ ಉಳಿದವರು ಒಂದು ಸಣ್ಣ ದೋಣಿಯನ್ನು ಎರಡಾಗಿ ಕುಯ್ದು, ಉದ್ದ ಮಾಡಿ, ಅದರಲ್ಲೇ ಚೀನಾ ತಲುಪುವ ಯೋಜನೆ ಹಾಕಿದರು. ಅಷ್ಟರಲ್ಲಿ, 19 ದಿನದ ನಂತರ, ಹಡಗು ಹೇಗೋ ವಾಪಸ್ ಬಂತು.

ಇಷ್ಟೆಲ್ಲ ಆದ ಮೇಲೆ, 1743ರ ಜೂನ್‌ನಲ್ಲಿ, ಫಿಲಿಪ್ಪೀನ್ಸ್ ಬಳಿ ಆ ಹೆಸರಾಂತ ಕಾಳಗ. ಎದುರಿಗೆ ಕೊವಡೋಂಗ ಎಂಬ ಸ್ಪೇನಿನ ಖಜಾನೆ ಹಡಗು. ಸುಮಾರು ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿಯಿತು. ಸಿಕ್ಕಿದ್ದು 13 ಲಕ್ಷಕ್ಕೂ ಜಾಸ್ತಿ ಬೆಳ್ಳಿ ನಾಣ್ಯ. 1744ರಲ್ಲಿ ಅದನ್ನು 32 ಬಂಡಿಗಳಲ್ಲಿ ಲಂಡನ್ ಬೀದಿಗಳಲ್ಲಿ ಮೆರವಣಿಗೆ ಮಾಡಿದರು. ಹೊರಟಾಗ ಇಡೀ ಪಡೆಯಲ್ಲಿದ್ದವರು ಸುಮಾರು 1,900 ಜನ. ಅವರಲ್ಲಿ ಸೆಂಚುರಿಯನ್ ಜೊತೆ ಮರಳಿದವರು 188. ಸತ್ತವರಲ್ಲಿ ಶತ್ರುವಿನ ಕೈಯಲ್ಲಿ ಸತ್ತವರು ಬೆರಳೆಣಿಕೆ. ಮಿಕ್ಕವರನ್ನೆಲ್ಲ ಹೆಚ್ಚಾಗಿ ರೋಗವೇ ನುಂಗಿತ್ತು. ಬಂಡಿ ನೋಡಿ ಕುಣಿದ ಜನ ಈ ಲೆಕ್ಕ ಎಷ್ಟು ಕೇಳಿದರೋ!

ಮುಂದೆ ಫಿರಂಗಿ ಕಡಿಮೆ ಮಾಡಿ 50ಕ್ಕೆ ಇಳಿಸಿದರು. ಆಮೇಲಿನ ಕಾಳಗಗಳು ಇಷ್ಟೇ: 1747ರಲ್ಲಿ ಸ್ಪೇನ್ ಕರಾವಳಿಯ ಫಿನಿಸ್ಟೆರ್ ಬಳಿ ಫ್ರೆಂಚ್ ಹಡಗುಗಳ ಮೇಲೆ, 1758ರಲ್ಲಿ ಕೆನಡಾದ ಲೂಯಿಸ್‌ಬರ್ಗ್, 1759ರಲ್ಲಿ ಅಲ್ಲಿನದೇ ಕ್ವಿಬೆಕ್, 1762ರಲ್ಲಿ ಕ್ಯೂಬಾದ ಹವಾನಾ. ಕೊನೆಯ ಮೂರೂ ಕಡೆ ಕೆಲಸವೆಂದರೆ ಬಹುಪಾಲು ಮುತ್ತಿಗೆ ಹಾಕಿದ ಸೈನ್ಯಕ್ಕೆ ಆಸರೆಯಾಗಿ ನಿಲ್ಲುವುದು. ಹವಾನಾದಲ್ಲೂ ಗುಂಡಿಗಿಂತ ಜ್ವರಕ್ಕೇ ಜಾಸ್ತಿ ಜನ ಸತ್ತರು. 1769ರಲ್ಲಿ ಹಡಗನ್ನು ಒಡೆದು ಹಾಕಿದರು.